ಬಳ್ಳಾರಿ ಬಿಸಿಲಿನಿಂದ ಕಡಲ ಬದಿಗೆ: ನೆಲೆಸಲು ಊರು ಆರಿಸುವ ಬಗೆ

ಡಿಸೆಂಬರ್ ರಜೆಯಲ್ಲಿ ಮುರ್ಡೇಶ್ವರಕ್ಕೋ ಮಲ್ಪೆಗೋ ಹೋಗಿ ಬಂದ ಬಳ್ಳಾರಿ ಕಡೆಯ ಕುಟುಂಬಗಳಲ್ಲಿ ಒಬ್ಬರಾದರೂ ಮರಳುವ ದಾರಿಯಲ್ಲೇ ಅಲ್ಲಿನ ನಿವೇಶನದ ಬೆಲೆ ವಿಚಾರಿಸುತ್ತಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಎಂಜಿನಿಯರು, ಗಂಗಾವತಿ ಮತ್ತು ಸಿಂಧನೂರಿನ ಅಕ್ಕಿ ಗಿರಣಿ ಮಾಲೀಕರು, ಮಕ್ಕಳನ್ನು ಹೊರದೇಶಕ್ಕೆ ಕಳಿಸಿ ಇಬ್ಬರೇ ಉಳಿದಿರುವ ರಾಯಚೂರಿನ ವೈದ್ಯ ದಂಪತಿ, ಹೀಗೆ ಕೇಳುವವರು ಬಗೆಬಗೆಯವರು. ಕೈಯಲ್ಲಿ ಹಣವಿದೆ, ಮೇ ತಿಂಗಳ 42 ಡಿಗ್ರಿ ಸಾಕಾಗಿದೆ. ಒಳ್ಳೆಯ ಫ್ಲ್ಯಾಟ್, ಒಳ್ಳೆಯ ರಸ್ತೆ, ಸಂಜೆ ಕಾಲಾಡಿಸಲು ಕಡಲ ದಂಡೆ ಬೇಕು. ಯಾವ ಊರಿನಲ್ಲಿ ಎಂಬುದಷ್ಟೇ ಇತ್ಯರ್ಥವಾಗಿಲ್ಲ.

ಕಾರವಾರದಿಂದ ಉಳ್ಳಾಲದವರೆಗೆ ಸಮುದ್ರ ಹೆಚ್ಚು ಕಡಿಮೆ ಒಂದೇ. ಆದ್ದರಿಂದ ಸಮುದ್ರ ನೋಡಿ ಊರು ಆರಿಸಲು ಬರುವುದಿಲ್ಲ. ನನ್ನ ಪ್ರಕಾರ ನೋಡಬೇಕಾದದ್ದು ಎರಡು ದೂರಗಳನ್ನು: ದೊಡ್ಡ ಆಸ್ಪತ್ರೆ ಎಷ್ಟು ದೂರ, ನಮ್ಮೂರು ಎಷ್ಟು ದೂರ. ತೊಡಕಿರುವುದು ಇಲ್ಲೇ. ನಮಗೆ ಹತ್ತಿರವಿರುವುದು ಕರಾವಳಿಯ ಉತ್ತರದ ತುದಿ. ಆಸ್ಪತ್ರೆಗಳು ಇರುವುದು ದಕ್ಷಿಣದಲ್ಲಿ. ಈ ಜಗ್ಗಾಟದಲ್ಲಿ ನಿಮ್ಮ ಮನೆಗೆ ಯಾವುದು ಮುಖ್ಯ ಎಂದು ಗೊತ್ತಾದರೆ ಉಳಿದದ್ದು ಸುಲಭ.

ಹೆಜ್ಜೆ 1: ಯಾರು ಇರುತ್ತಾರೆ ಎಂದು ಮೊದಲು ಬರೆದುಕೊಳ್ಳಿ

ಮನೆ ಯಾರಿಗಾಗಿ ಎಂಬುದು ಸ್ಪಷ್ಟವಾಗದೆ ದಲ್ಲಾಳಿಗೆ ಫೋನ್ ಮಾಡಬೇಡಿ. ಅರವತ್ತು ದಾಟಿದ ಗಂಡ ಹೆಂಡತಿ ವರ್ಷವಿಡೀ ಇರುವ ಮನೆ, ಮಕ್ಕಳನ್ನು ಮಣಿಪಾಲದಲ್ಲೋ ಸುರತ್ಕಲ್‌ನಲ್ಲೋ ಓದಿಸಲು ನಾಲ್ಕೈದು ವರ್ಷ ಇರುವ ಮನೆ, ಬೇಸಿಗೆಯಲ್ಲಿ ಬೀಗ ತೆಗೆದು ಉಳಿದಂತೆ ಮುಚ್ಚಿಡುವ ಮನೆ, ಈ ಮೂರಕ್ಕೂ ಬೇರೆ ಬೇರೆ ಊರು ಬೇಕು. ಮೂರನೆಯದಕ್ಕಂತೂ ನನ್ನ ಸಲಹೆ ಒಂದೇ: ಕೊಳ್ಳಬೇಡಿ. ಕರಾವಳಿಯ ಮಳೆಗಾಲದಲ್ಲಿ ಮುಚ್ಚಿಟ್ಟ ಮನೆಯ ಗೋಡೆ, ಹಾಸಿಗೆ, ಕಪಾಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಆ ಹಣದ ಬಡ್ಡಿಯಲ್ಲಿ ವರ್ಷಕ್ಕೊಂದು ತಿಂಗಳು ಒಳ್ಳೆಯ ಹೋಟೆಲಿನಲ್ಲಿ ಇರಬಹುದು.

ಮಕ್ಕಳಿರುವವರು ಇನ್ನೊಂದು ಸಂಗತಿಯನ್ನು ಈಗಲೇ ಗಮನಿಸಬೇಕು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣದಲ್ಲಿಯೂ ಸರ್ಕಾರಿ ಉದ್ಯೋಗದಲ್ಲಿಯೂ ಮೀಸಲಾತಿ ಇದೆ. ಉಡುಪಿಗೆ ಹೋಗಿ ಹತ್ತು ವರ್ಷದ ಮೇಲೆ ಆ ಪ್ರಮಾಣಪತ್ರಕ್ಕಾಗಿ ಓಡಾಡುವ ಬದಲು, ಹುಟ್ಟಿದ ಮತ್ತು ಓದಿದ ದಾಖಲೆಗಳು ಕೈಯಲ್ಲಿರುವಾಗಲೇ ಇಲ್ಲಿನ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಪ್ರಮಾಣಪತ್ರ ಮಾಡಿಸಿಕೊಂಡು ಹೊರಡಿ.

ಹೆಜ್ಜೆ 2: ದಾರಿಯನ್ನು ಅಳೆಯಿರಿ

ಊರು ಬಿಟ್ಟರೂ ಊರು ನಮ್ಮನ್ನು ಬಿಡುವುದಿಲ್ಲ. ಮದುವೆ, ಸಾವು, ಹೊಲದ ಗುತ್ತಿಗೆ, ಬಾಡಿಗೆ ಮಳಿಗೆಯ ತಕರಾರು, ಜಾತ್ರೆ ಎಂದು ವರ್ಷಕ್ಕೆ ಹಲವು ಸಲ ಬರಲೇಬೇಕಾಗುತ್ತದೆ. ಕೊಪ್ಪಳದಿಂದ ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟದ ಮೂಲಕ ಅಂಕೋಲಾ ಸುಮಾರು 250 ಕಿ.ಮೀ. ಬಳ್ಳಾರಿಯಿಂದ ಸುಮಾರು 350. ಬಳ್ಳಾರಿಯಿಂದ ಹುಬ್ಬಳ್ಳಿಯ ಮೇಲೆ ಅಂಕೋಲಾವರೆಗಿನ ಈ ಇಡೀ ದಾರಿಗೆ ಹಿಂದೆ ರಾಷ್ಟ್ರೀಯ ಹೆದ್ದಾರಿ 63 ಎಂಬ ಒಂದೇ ಸಂಖ್ಯೆ ಇತ್ತು. ಈಗ ಹುಬ್ಬಳ್ಳಿಯವರೆಗೆ 67, ಅಲ್ಲಿಂದಾಚೆ 52. ಅದಿರಿನ ಲಾರಿಗಳು ಬೇಲೆಕೇರಿ ಬಂದರಿಗೆ ಇಳಿದದ್ದೂ ಈ ದಾರಿಯಲ್ಲೇ. ಅಕ್ರಮ ಅದಿರಿನ ಹಗರಣದಲ್ಲಿ ಕೇಳಿಬಂದ ಆ ಬಂದರಿನ ಹೆಸರನ್ನು ನಮ್ಮವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ.

ಉಡುಪಿ, ಮಂಗಳೂರಿಗೆ ಹೋಗುವವರು ಚಿತ್ರದುರ್ಗ, ಶಿವಮೊಗ್ಗದ ಮೇಲೆ ಹೋಗಿ ಆಗುಂಬೆ ಅಥವಾ ಹುಲಿಕಲ್ ಘಟ್ಟ ಇಳಿಯುತ್ತಾರೆ. ಕಿಲೋಮೀಟರ್ ಲೆಕ್ಕದಲ್ಲಿ ವ್ಯತ್ಯಾಸ ಭಾರಿ ಎನಿಸದು. ಆದರೆ ಗಂಟೆಗಳ ಲೆಕ್ಕದಲ್ಲಿ ಇದೆ, ಮಳೆಗಾಲದಲ್ಲಂತೂ ಇನ್ನೂ ಇದೆ. ಆಗುಂಬೆಯ ತಿರುವುಗಳಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲ. ಗುಡ್ಡ ಕುಸಿದರೆ ಯಾವ ಘಟ್ಟವೂ ಮುಚ್ಚಬಹುದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿದು ಜನ ಸತ್ತರು. ಕರಾವಳಿಯ ಉದ್ದಕ್ಕೂ ಸಾಗುವ ಹೆದ್ದಾರಿ 66 ದಿನಗಟ್ಟಲೆ ನಿಂತುಹೋಯಿತು. ಅದರ ಮರುತಿಂಗಳು, ಆಗಸ್ಟ್ 7ರಂದು, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇವನ್ನು ಹೆದರಿಸಲು ಹೇಳುತ್ತಿಲ್ಲ. ಜುಲೈಯಲ್ಲಿ ಬಳ್ಳಾರಿಗೆ ತುರ್ತಾಗಿ ಹೊರಡಬೇಕಾದರೆ ಎರಡನೆಯ ದಾರಿ ಯಾವುದು ಎಂದು ಪ್ರತಿ ಊರಿನ ಮುಂದೆ ಬರೆದಿಟ್ಟುಕೊಳ್ಳಿ, ಅಷ್ಟೇ.

ರೈಲಿನ ಭರವಸೆ ಹೆಚ್ಚು ಬೇಡ. ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೂಲಕ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಇದೆ; ಅದರಲ್ಲಿ ಮಡಗಾಂವ್ ತಲುಪಿ, ಅಲ್ಲಿ ಕೊಂಕಣ ರೈಲು ಹಿಡಿದರೆ ಕಾರವಾರ, ಕುಮಟಾ, ಭಟ್ಕಳ, ಕುಂದಾಪುರ, ಉಡುಪಿ ಎಲ್ಲವೂ ಸಿಗುತ್ತವೆ. ಆದರೆ ಅದು ನಿತ್ಯದ ರೈಲಲ್ಲ, ಮತ್ತು ಮಡಗಾಂವ್‌ನಲ್ಲಿ ಕಾಯುವ ತಾಳ್ಮೆ ಬೇಕು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಮಾತು ದಶಕಗಳಿಂದ ಕೇಳಿಬರುತ್ತಿದೆ. ನಮ್ಮ ಅದಿರು ಸಾಗಿಸಲೆಂದೇ ಯೋಚಿಸಿದ ಮಾರ್ಗವದು, ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. "ರೈಲು ಬರುತ್ತದೆ ಸಾರ್, ಬೆಲೆ ಎರಡರಷ್ಟಾಗುತ್ತದೆ" ಎನ್ನುವ ದಲ್ಲಾಳಿಯ ಮಾತಿಗೆ ನಕ್ಕು ಮುಂದೆ ನಡೆಯಿರಿ.

ಹೆಜ್ಜೆ 3: ಊರುಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ

ಮಂಗಳೂರು. ನಗರವೇ ಬೇಕೆನ್ನುವವರಿಗೆ ಇದಕ್ಕೆ ಸಾಟಿ ಇಲ್ಲ. ಕದ್ರಿ ಗುಡ್ಡ, ಬಿಜೈ, ಬೆಂದೂರ್‌ವೆಲ್ ಕಡೆ ಲಿಫ್ಟ್, ಜನರೇಟರ್, ಕಾವಲುಗಾರರಿರುವ ಎತ್ತರದ ಕಟ್ಟಡಗಳಿವೆ. 1848ರಷ್ಟು ಹಳೆಯದಾದ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯಿಂದ ಹಿಡಿದು ಫಾದರ್ ಮುಲ್ಲರ್, ಕೆಎಂಸಿ (ಕಸ್ತೂರಬಾ ವೈದ್ಯಕೀಯ ಕಾಲೇಜು) ಮತ್ತಿತರ ಖಾಸಗಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳವರೆಗೆ ಎಲ್ಲವೂ ಊರೊಳಗೇ ಇವೆ. ಬಜ್ಪೆಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಕೊಲ್ಲಿ ದೇಶಗಳಿಗೆ ನೇರ ಹಾರಾಟವಿದೆ. ಮಗ ದುಬೈಯಲ್ಲಿದ್ದರೆ ಇದು ಸಣ್ಣ ಅನುಕೂಲವಲ್ಲ. ಕೊರತೆ ಎಂದರೆ ವಾಹನ ದಟ್ಟಣೆ ಮತ್ತು ಸೆಕೆ. ಕಾಂಕ್ರೀಟು ತುಂಬಿದ ನಗರದಲ್ಲಿ ಏಪ್ರಿಲ್‌ನ 35 ಡಿಗ್ರಿಯೂ ಬಳ್ಳಾರಿಯ 40ಕ್ಕಿಂತ ಕಷ್ಟವೆನಿಸುತ್ತದೆ. ನಮ್ಮಲ್ಲಿ ನೆರಳಿಗೆ ಬಂದರೆ ಬೆವರು ಆರುತ್ತದೆ, ಅಲ್ಲಿ ಆರುವುದೇ ಇಲ್ಲ. ಇನ್ನೊಂದು, ಕದ್ರಿಯಲ್ಲಿ ಮನೆ ಮಾಡಿದರೆ ಕಡಲು ದಿನನಿತ್ಯದ ಸಂಗತಿಯಾಗುವುದಿಲ್ಲ. ಪಣಂಬೂರಿಗೋ ತಣ್ಣೀರುಬಾವಿಗೋ ಕಾರು ತೆಗೆದುಕೊಂಡೇ ಹೋಗಬೇಕು. ಕಡಲ ಪಕ್ಕವೇ ಬೇಕೆಂದು ಉಳ್ಳಾಲದ ಕಡೆ ನೋಡುವವರು ಅಲ್ಲಿ ಕಡಲ್ಕೊರೆತ ವರ್ಷವರ್ಷದ ಗೋಳು ಎಂಬುದನ್ನು ಮರೆಯಬಾರದು. ತಡೆಗೋಡೆಗೆ ಸುರಿದ ಬಂಡೆಗಳ ಸಾಲೇ ಅದಕ್ಕೆ ಸಾಕ್ಷಿ.

ಸುರತ್ಕಲ್‌ನಿಂದ ಪಡುಬಿದ್ರಿ. ಬೆಲೆ ಸ್ವಲ್ಪ ಇಳಿಯುತ್ತದೆ, ಕಡಲು ಹತ್ತಿರವಾಗುತ್ತದೆ, ಸುರತ್ಕಲ್‌ನಲ್ಲಿ ಎನ್‌ಐಟಿಕೆ (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ) ಇದೆ. ಪಡುಬಿದ್ರಿಯ ಒಂದು ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಸಿಕ್ಕಿತು. ಆದರೆ ಪಣಂಬೂರಿನ ಬಂದರು, ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ, ಬೈಕಂಪಾಡಿ ಕೈಗಾರಿಕಾ ಪ್ರದೇಶ ಇಲ್ಲೇ ಇವೆ. ಪಡುಬಿದ್ರಿ ಬಳಿ ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಶಕ್ತಿನಗರದ ಕಲ್ಲಿದ್ದಲು ಸ್ಥಾವರದ ಹಾರುಬೂದಿ ಸಾಕೆಂದು ರಾಯಚೂರು ಬಿಡುವವರು ಎಲ್ಲೂರಿನ ಸುತ್ತ ನಿವೇಶನ ಕೊಂಡರೆ ಏನೆನ್ನುವುದು! ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಅಲ್ಲಿನವರನ್ನೇ ಕೇಳಿ.

ಉಡುಪಿ ಮತ್ತು ಮಣಿಪಾಲ. ಎರಡರ ನಡುವೆ ಐದು ಕಿ.ಮೀ. ಅಂತರ, ಸ್ವಭಾವದಲ್ಲಿ ಅಜಗಜಾಂತರ. ಮಣಿಪಾಲ ಗುಡ್ಡದ ಮೇಲಿನ ವಿಶ್ವವಿದ್ಯಾಲಯದ ಊರು. 1953ರಲ್ಲಿ ಆರಂಭವಾದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಸುತ್ತ ಬೆಳೆದದ್ದು. ಫ್ಲ್ಯಾಟುಗಳು ಮೇಲ್ದರ್ಜೆಯವು, ಆಸ್ಪತ್ರೆ ಆಟೋ ದೂರದಲ್ಲಿ, ರಾತ್ರಿ ಎಚ್ಚರವಿರುವ ರಸ್ತೆಗಳು. ವಿದ್ಯಾರ್ಥಿಗಳಿಂದಾಗಿ ಬಾಡಿಗೆ ಏರಿರುತ್ತದೆ ಮತ್ತು ಪಕ್ಕದ ಮನೆಯಲ್ಲಿ ವರ್ಷಕ್ಕೊಮ್ಮೆ ಮುಖಗಳು ಬದಲಾಗುತ್ತವೆ. ಉಡುಪಿ ಮಠ, ರಥಬೀದಿ, ಹೋಟೆಲುಗಳ ಊರು. ಪರ್ಯಾಯದ ವರ್ಷಗಳಲ್ಲಿ ಜನಸಾಗರ. ಮಲ್ಪೆ ಕಡಲತೀರ ಹತ್ತಿರ. ಸಸ್ಯಾಹಾರಿ ಕುಟುಂಬಗಳಿಗೆ ಊಟದ ಚಿಂತೆ ಇಲ್ಲಿಲ್ಲ. ನಾನು ಮಣಿಪಾಲಕ್ಕಿಂತ ಉಡುಪಿಯ ಹೊರವಲಯವನ್ನೇ ಹೆಚ್ಚು ಮೆಚ್ಚುತ್ತೇನೆ. ಹದಿನೈದು ನಿಮಿಷಕ್ಕೆ ಆಸ್ಪತ್ರೆ ಸಿಗುತ್ತದೆ, ಅಂಗಳವಿರುವ ಮನೆಯೂ ಸಿಗುತ್ತದೆ.

ಬ್ರಹ್ಮಾವರದಿಂದ ಕುಂದಾಪುರ. ಎರಡು ದೂರಗಳ ಜಗ್ಗಾಟದಲ್ಲಿ ಹೆಚ್ಚಿನವರಿಗೆ ರಾಜಿಯಾಗುವ ಜಾಗ ಇದು ಎಂಬುದು ನನ್ನ ಅಭಿಪ್ರಾಯ. ಕುಂದಾಪುರದಿಂದ ಮಣಿಪಾಲ ಸುಮಾರು 40 ಕಿ.ಮೀ., ಹೆದ್ದಾರಿಯಲ್ಲಿ ಒಂದು ಗಂಟೆಯ ಒಳಗೆ. ಮೇಲೆ ಹುಲಿಕಲ್ ಘಟ್ಟದ ಮೂಲಕ ಶಿವಮೊಗ್ಗ, ಚಿತ್ರದುರ್ಗ. ಊರು ಸಣ್ಣದು, ಬ್ಯಾಂಕು, ಶಾಲೆ, ಸಣ್ಣಪುಟ್ಟ ಆಸ್ಪತ್ರೆ ಇವೆ, ಸುತ್ತಲೂ ನದಿಗಳು. ಮಾತು ಕುಂದಾಪುರ ಕನ್ನಡ. ಮೊದಲ ವಾರ ಅರ್ಧ ತಿಳಿಯುತ್ತದೆ, ತಿಂಗಳೊಪ್ಪತ್ತಿಗೆ ನಿಮ್ಮ ಬಾಯಿಗೂ ಬರುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ನೋಡಿ ಬೆರಗಾಗಿ ಬನ್ನಿ, ಆದರೆ ಅಲ್ಲಿ ಮನೆ ಬೇಡ. ಕೊರೆತ ಅಲ್ಲಿಯೂ ಇದೆ.

ಭಟ್ಕಳ, ಹೊನ್ನಾವರ, ಕುಮಟಾ. ಪ್ರಕೃತಿಯ ವಿಷಯದಲ್ಲಿ ಇವಕ್ಕೆ ಮೊದಲ ಸ್ಥಾನ ಕೊಡಬಹುದು. ಶರಾವತಿ ಕಡಲು ಸೇರುವ ಹೊನ್ನಾವರ, ಕಾಸರಕೋಡಿನ ಕಡಲತೀರ, ಅಡಿಕೆ ತೆಂಗಿನ ನಡುವಿನ ಹೆಂಚಿನ ಮನೆಗಳು, ಬಸ್‌ ನಿಲ್ದಾಣದಲ್ಲೂ ಅವಸರವಿಲ್ಲದ ಜನ. ಮೇಲ್ದರ್ಜೆಯ ಫ್ಲ್ಯಾಟುಗಳು ಇಲ್ಲಿ ವಿರಳ. ಇರುವವರು ಸ್ವಂತ ಜಾಗ ಕೊಂಡು ಕಟ್ಟಿಸಿಕೊಂಡವರು. ಆಸ್ಪತ್ರೆಯ ಪ್ರಶ್ನೆ ಇಲ್ಲಿಂದ ಗಂಭೀರವಾಗುತ್ತದೆ. ಕುಮಟಾದಿಂದ ಮಣಿಪಾಲಕ್ಕೆ ಸುಮಾರು 130 ಕಿ.ಮೀ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಆ ಜಿಲ್ಲೆಯ ಜನ ವರ್ಷಗಳಿಂದ ಹೋರಾಡುತ್ತಿರುವುದು ಸುಮ್ಮನಲ್ಲ. ಐವತ್ತರ ಒಳಗಿನ, ಕಾಯಿಲೆ ಇಲ್ಲದ, ಮನೆಯಿಂದಲೇ ಕೆಲಸ ಮಾಡುವ ದಂಪತಿಗೆ ನಾನು ಕುಮಟಾವನ್ನು ಧೈರ್ಯವಾಗಿ ಹೇಳುತ್ತೇನೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಹೇಳುವುದಿಲ್ಲ.

ಗೋಕರ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಯಾತ್ರಿಕರಿಗೂ ಪ್ರವಾಸಿಗರಿಗೂ ದುಡಿಯುವ ಊರು. ವಾರಾಂತ್ಯದಲ್ಲಿ ನಿಮ್ಮದೇ ಬೀದಿಗೆ ನಿಮ್ಮ ಕಾರು ನುಗ್ಗುವುದಿಲ್ಲ.

ಕಾರವಾರ. ಕರಾವಳಿಯ ಜಿಲ್ಲಾ ಕೇಂದ್ರಗಳಲ್ಲಿ ಕೊಪ್ಪಳದವರಿಗೆ ತೀರ ಹತ್ತಿರದ್ದು. ಊರಿನ ನಡುವಿನಿಂದಲೇ ನಡೆದು ಹೋಗಬಹುದಾದ ಕಡಲತೀರ. ಹಿಂದೆ ಗುಡ್ಡ, ಮುಂದೆ ನಡುಗಡ್ಡೆಗಳು. ನೋಟಕ್ಕೆ ಇದರಷ್ಟು ಚೆಲುವಾದ ಊರು ನಮ್ಮ ಕರಾವಳಿಯಲ್ಲಿಲ್ಲ. 2005ರಲ್ಲಿ ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೌಕಾನೆಲೆ ಮತ್ತು ಕೈಗಾದ ಅಣು ವಿದ್ಯುತ್ ಸ್ಥಾವರದ ಸಿಬ್ಬಂದಿಯಿಂದಾಗಿ ಒಳ್ಳೆಯ ಶಾಲೆ, ಶಿಸ್ತಿನ ವಸತಿಗಳಿವೆ. ನೌಕಾನೆಲೆಗೆ ಹೋದದ್ದು, ಅರಣ್ಯವಾಗಿ ಉಳಿದದ್ದು ಬಿಟ್ಟರೆ ಮಾರಾಟಕ್ಕೆ ಸಿಗುವ ಜಾಗ ಕಡಿಮೆ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಗಂಭೀರ ಸಂದರ್ಭಗಳಲ್ಲಿ ಅಲ್ಲಿನವರು ಗೋವಾಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡುತ್ತಾರೆ. ಹೃದಯದ ತೊಂದರೆ ಇಲ್ಲದ, ಕೊಪ್ಪಳದಲ್ಲಿ ಇನ್ನೂ ಹೊಲ ನೋಡಿಕೊಳ್ಳಬೇಕಾದ ಕುಟುಂಬಕ್ಕೆ ಕಾರವಾರ ಸರಿ.

ಗೋವಾ ಏಕಿಲ್ಲ ಎನ್ನುವವರಿಗೆ: ಅದು ಬೇರೆ ರಾಜ್ಯ. ಭೂದಾಖಲೆಯ ಪದ್ಧತಿ ಬೇರೆ, ಕಚೇರಿಯ ಭಾಷೆ ಬೇರೆ, ಕರ್ನಾಟಕ ಸರ್ಕಾರದ್ದೇ ಆದ ಸವಲತ್ತುಗಳು ಅಲ್ಲಿಗೆ ಬರುವುದಿಲ್ಲ. ಹಣ ಧಾರಾಳವಿದ್ದು ಪರ್ವರಿ, ದೋನಾ ಪಾವ್ಲಾ ಕಡೆ ಮನಸ್ಸಿದ್ದರೆ ಅಲ್ಲಿನ ವಕೀಲರನ್ನೇ ಹಿಡಿಯಿರಿ.

ಹೆಜ್ಜೆ 4: ಜೂನ್‌ನಲ್ಲಿ ಬಾಡಿಗೆಗೆ ಹೋಗಿ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಎರಡು ಊರಿಗೆ ಪಟ್ಟಿ ಇಳಿಸಿಕೊಂಡ ಮೇಲೆ, ಮೊದಲ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆಗೆ ಇರಿ. ಆಮೇಲೆ ಏಪ್ರಿಲ್ ಮತ್ತು ಮೇ ಕೂಡ ಕಳೆಯಿರಿ. ಡಿಸೆಂಬರ್‌ನಲ್ಲಿ ಎಲ್ಲ ಕಡಲೂರೂ ಮದುವೆಗೆ ಸಿಂಗರಿಸಿಕೊಂಡ ಹುಡುಗಿಯಂತೆಯೇ ಕಾಣುತ್ತದೆ.

ನಮ್ಮ ಕಡೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬಿದ್ದರೆ ಒಳ್ಳೆಯ ವರ್ಷ. ಕರಾವಳಿಯಲ್ಲಿ 3500 ಮಿ.ಮೀ. ದಾಟುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಬಳ್ಳಾರಿಯವರಿಗೆ ಮೊದಲ ಮಳೆ ಹಬ್ಬ, ಹತ್ತನೆಯ ದಿನಕ್ಕೆ ಬೇಸರ, ಜುಲೈ ನಡುವಿಗೆ ಬಿಸಿಲಿನ ನೆನಪಾಗಿ ಮನಸ್ಸು ಕುಗ್ಗುವುದೂ ಉಂಟು. ಒಬ್ಬರು ಹಾಯಾಗಿದ್ದು ಇನ್ನೊಬ್ಬರು ಮಂಕಾದರೆ ಆ ಮನೆ ಕೊಳ್ಳಬೇಡಿ. ಈ ಮಾತನ್ನು ಗಂಡ ಹೆಂಡತಿ ಮುಚ್ಚುಮರೆಯಿಲ್ಲದೆ ಆಡಿಕೊಳ್ಳಬೇಕು. ಉಬ್ಬಸ, ಕೀಲುನೋವು ಇರುವವರ ಪಾಡು ಹೇಗಿದೆ ಎಂದೂ ಆಗಲೇ ತಿಳಿಯುತ್ತದೆ.

ಬಾಡಿಗೆ ಮನೆಯಲ್ಲಿದ್ದಾಗ ಹಲವು ಸಂಗತಿಗಳ ಮೇಲೆ ಕಣ್ಣಿಡಿ. ಗೋಡೆಯ ಒಳಮೈ ಎಲ್ಲಿ ತೇವವಾಗುತ್ತದೆ? ಪಶ್ಚಿಮಕ್ಕೆ ಮುಖವಿರುವ ಕಿಟಕಿಗಳಿಂದ ಇರಚಲು ಒಳಬರುತ್ತದೆಯೇ? ತಾರಸಿಯ ಮೇಲೆ ತಗಡಿನ ಮಾಡು ಹಾಕಿದ್ದಾರೆಯೇ? ನಮ್ಮಲ್ಲಿ ಚಪ್ಪಟೆ ತಾರಸಿ ಸಂಜೆ ಮಲಗುವ ಜಾಗ. ಅಲ್ಲಿ ಮಾಡಿಲ್ಲದ ತಾರಸಿ ಎಂದರೆ ಕೆಲವೇ ವರ್ಷಗಳಲ್ಲಿ ಸೋರುವ ತಾರಸಿ. ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ಎಷ್ಟು ಹೊತ್ತು ಹೋಗುತ್ತದೆ, ಆಗ ಮೊಬೈಲ್ ಗೋಪುರವೂ ಕೈಕೊಡುತ್ತದೆಯೇ ಎಂದು ಗಮನಿಸಿ. ಕಡಲಿಗೆ ತೀರ ಸಮೀಪದ ಮನೆಯಲ್ಲಿ ಕಿಟಕಿಯ ಸರಳು, ಎಸಿಯ ಹೊರಗಿನ ಘಟಕ, ಗೇಟಿನ ಕೀಲು ಎಷ್ಟು ತುಕ್ಕು ಹಿಡಿದಿವೆ ನೋಡಿ. ಉಪ್ಪುಗಾಳಿಯ ಖರ್ಚು ಯಾವ ಮಾರಾಟಗಾರನ ಪಟ್ಟಿಯಲ್ಲೂ ಇರುವುದಿಲ್ಲ. ಒಂದೆರಡು ಕಿಲೋಮೀಟರ್ ಒಳಗೆ, ಸ್ವಲ್ಪ ಎತ್ತರದ ಜಾಗದಲ್ಲಿ ಇರುವ ಮನೆಯೇ ವಾಸಕ್ಕೆ ಮೇಲು.

ಮೇ ತಿಂಗಳ ಪರೀಕ್ಷೆ ನೀರಿನದು. ಅಷ್ಟು ಮಳೆ ಬೀಳುವ ನಾಡಿನಲ್ಲಿ ಟ್ಯಾಂಕರ್ ಏಕೆ ಎಂದು ನಮ್ಮವರು ಅಚ್ಚರಿಪಡುತ್ತಾರೆ. ಕೆಂಪು ಮುರಕಲ್ಲಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ, ನದಿಗಳು ಚಿಕ್ಕವು, ಇಳಿದಷ್ಟೇ ವೇಗವಾಗಿ ಕಡಲು ಸೇರುತ್ತವೆ. ಮಂಗಳೂರು ನೇತ್ರಾವತಿಯ ತುಂಬೆ ಅಣೆಕಟ್ಟೆಯನ್ನೂ ಉಡುಪಿ ಸ್ವರ್ಣಾ ನದಿಯ ಬಜೆ ಅಣೆಕಟ್ಟೆಯನ್ನೂ ನಂಬಿಕೊಂಡು ಬಂದಿವೆ. 2019ರ ಬೇಸಿಗೆಯಲ್ಲಿ ಎರಡೂ ನಗರಗಳಲ್ಲಿ ಸರದಿಯ ಮೇಲೆ ನೀರು ಬಿಟ್ಟರು. ತುಂಗಭದ್ರೆಯ ಜಲಾಶಯದ ಪಕ್ಕ ಬೆಳೆದವರಿಗೆ ಬಜೆಯ ನೀರು ಕಂಡರೆ ಇಷ್ಟೇಯೇ ಎನಿಸುತ್ತದೆ. ಸ್ವಂತ ಬಾವಿ ಇದ್ದರೆ ಮೇ ಕೊನೆಯಲ್ಲಿ ಅದರ ನೀರು ಕುಡಿದು ನೋಡಿ. ಕಡಲ ಮತ್ತು ಅಳಿವೆಯ ಬದಿಯ ಬಾವಿಗಳು ಆಗ ಉಪ್ಪಾಗುತ್ತವೆ.

ಊಟದ ಮಾತು ಚಿಕ್ಕದು. ಕುಚ್ಚಲಕ್ಕಿಯ ನಾಡಿನಲ್ಲಿಯೂ ನಮ್ಮ ಸೋನಾ ಮಸೂರಿ ಎಲ್ಲೆಡೆ ಸಿಗುತ್ತದೆ. ಜೋಳದ ಹಿಟ್ಟು ಮಾತ್ರ ಮಳೆಗಾಲದಲ್ಲಿ ಬೇಗ ಕೆಡುತ್ತದೆ. ಜೋಳವನ್ನು ಬಿಸಿಲಿಗೆ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ದು, ಬೇಕಾದಷ್ಟೇ ಬೀಸಿಸಿಕೊಳ್ಳಿ. ಮೀನು ತಿನ್ನುವವರಿಗೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದರಿಂದ ಆ 61 ದಿನ ಬೆಲೆ ಏರಿರುತ್ತದೆ. ತಿನ್ನದವರು ಬಾಡಿಗೆ ಮಾತಾಡುವಾಗಲೇ ಮೀನು ಮಾರುಕಟ್ಟೆ, ಒಣಮೀನಿನ ಅಂಗಳ ಎಷ್ಟು ದೂರ ಎಂದು ನೋಡಿಕೊಳ್ಳಬೇಕು. ಆಮೇಲೆ ಮೂಗು ಮುಚ್ಚಿಕೊಂಡು ಓಡಾಡುವುದು ಅಲ್ಲಿನವರಿಗೆ ಮಾಡುವ ಅವಮಾನ.

ಹೆಜ್ಜೆ 5: ಕಾಗದಪತ್ರ

ಫ್ಲ್ಯಾಟ್ ಕೊಳ್ಳುವವರ ಕೆಲಸ ಸರಳ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಸ್ವಾಧೀನಾನುಭವ ಪತ್ರ, ಇ-ಖಾತೆ, ಋಣಭಾರ ಪ್ರಮಾಣಪತ್ರ, ಜಾಗದ ಮೂಲಪತ್ರಗಳು. ನಿವಾಸಿಗಳ ಸಂಘದ ಲೆಕ್ಕಪುಸ್ತಕ ಕೇಳಿ ನೋಡಿ. ಬಣ್ಣ, ಸೋರಿಕೆ, ಲಿಫ್ಟ್ ಇವಕ್ಕೆ ನಿಧಿ ಇಲ್ಲದ ಕಟ್ಟಡ ಹತ್ತು ಮಳೆಗಾಲಕ್ಕೆ ಮುದಿಯಾಗುತ್ತದೆ.

ಜಾಗ ಕೊಳ್ಳುವವರು ನಿಧಾನಿಸಬೇಕು. ಅಳತೆಯಿಂದಲೇ ಗೊಂದಲ ಆರಂಭ. ದಕ್ಷಿಣ ಕನ್ನಡ ಮತ್ತು ಉಡುಪಿ 1956ರವರೆಗೆ ಮದ್ರಾಸಿನಲ್ಲಿದ್ದವು, ಅಲ್ಲಿ ಸೆಂಟ್ಸ್ ಲೆಕ್ಕ. 1953ರವರೆಗೆ ಅದೇ ಮದ್ರಾಸಿನಲ್ಲಿದ್ದ ಬಳ್ಳಾರಿಯವರಿಗೆ ಇದು ಹೊಸತಲ್ಲ. ನಿಜಾಮರ ಆಡಳಿತದಲ್ಲಿದ್ದ ರಾಯಚೂರು, ಕೊಪ್ಪಳದವರಿಗೆ ಗುಂಟೆ ರೂಢಿ. ಮುಂಬಯಿ ಪ್ರಾಂತದಲ್ಲಿದ್ದ ಉತ್ತರ ಕನ್ನಡದಲ್ಲೂ ಗುಂಟೆಯೇ. ಒಂದು ಸೆಂಟ್ 435.6 ಚದರ ಅಡಿ, ಒಂದು ಗುಂಟೆ 1089. ಅಂದರೆ ಗುಂಟೆಯೊಂದಕ್ಕೆ ಎರಡೂವರೆ ಸೆಂಟ್ಸ್. ಹತ್ತು ಸೆಂಟ್ಸ್ ಎಂದಾಗ ಹತ್ತು ಗುಂಟೆಯ ಕಣ್ಣಳತೆ ಇಟ್ಟುಕೊಂಡು ಬೆಲೆ ಒಪ್ಪಿಕೊಳ್ಳಬೇಡಿ.

ಹಳೆಯ ದಕ್ಷಿಣ ಕನ್ನಡದಲ್ಲಿ ಪಟ್ಟಾ ಇರುವ ಜಾಗ ವರ್ಗ. ಅದಕ್ಕೆ ಹೊಂದಿಕೊಂಡ ಸರ್ಕಾರಿ ಜಮೀನಿನಲ್ಲಿ ಸೊಪ್ಪು, ಸೌದೆಯಂಥ ಸವಲತ್ತು ಪಡೆಯುವ ಹಕ್ಕಷ್ಟೇ ಇದ್ದರೆ ಅದು ಕುಮ್ಕಿ. ಮಾರುವವರು ಬೇಲಿ ತೋರಿಸಿ "ಇಷ್ಟೂ ನಮ್ಮದೇ" ಎನ್ನುವಾಗ ಅದರಲ್ಲಿ ವರ್ಗ ಎಷ್ಟು, ಕುಮ್ಕಿ ಎಷ್ಟು ಎಂದು ಪಹಣಿ ಮತ್ತು ನಕ್ಷೆಯಲ್ಲಿ ಬಿಡಿಸಿ ನೋಡಿ. ಕುಮ್ಕಿಗೆ ಕೊಟ್ಟ ಹಣ ನೀರಿಗೆ ಹಾಕಿದ ಹಣ. ಉತ್ತರ ಕನ್ನಡದ ತೋಟಗಳಿಗೆ ಸೇರಿದ ಸೊಪ್ಪಿನ ಬೆಟ್ಟದ ಜಮೀನಿನಲ್ಲಿಯೂ ಇಂಥದೇ ಎಚ್ಚರಿಕೆ ಬೇಕು. ಮಂಗಳೂರು, ಉಡುಪಿಯ ಹಳೆಯ ಬೀದಿಗಳಲ್ಲಿ ಮೂಲಗೇಣಿಯ ಜಾಗಗಳಿವೆ, ಅಂದರೆ ಶಾಶ್ವತ ಗೇಣಿ. ಅಲ್ಲಿ ಮೂಲ ಒಡೆಯರ ಹಕ್ಕು ಏನಾಯಿತು ಎಂದು ಆ ಊರಿನ ವಕೀಲರಿಂದಲೇ ತಿಳಿಯಬೇಕು. ಬಳ್ಳಾರಿಯ ವಕೀಲರು ಎಷ್ಟೇ ಬಲ್ಲವರಾದರೂ ಈ ಕೆಲಸಕ್ಕೆ ಸಾಲದು.

ಇನ್ನು ಕರಾವಳಿ ನಿಯಂತ್ರಣ ವಲಯ, ಎಲ್ಲರ ಬಾಯಲ್ಲಿ ಸಿಆರ್‌ಝಡ್. 1991ರಲ್ಲಿ ಮೊದಲ ಅಧಿಸೂಚನೆ ಬಂತು, 2011 ಮತ್ತು 2019ರಲ್ಲಿ ಹೊಸವು ಬಂದವು. ಉಬ್ಬರದ ಗರಿಷ್ಠ ರೇಖೆಯಿಂದ ಭೂಮಿಯ ಕಡೆಗೆ 500 ಮೀಟರ್‌ವರೆಗೆ ಈ ನಿಯಮಗಳು ಅನ್ವಯಿಸುತ್ತವೆ. ಗ್ರಾಮೀಣ ತೀರದಲ್ಲಿ ಸಾಮಾನ್ಯವಾಗಿ ಮೊದಲ 200 ಮೀಟರ್ ಕಟ್ಟಡ ನಿಷಿದ್ಧ, ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಲ್ಲಿ 2019ರ ಅಧಿಸೂಚನೆ ಇದನ್ನು 50 ಮೀಟರ್‌ಗೆ ಇಳಿಸಿದೆ. ಉಬ್ಬರದ ನೀರು ಏರುವ ನದಿ ಮತ್ತು ಹಿನ್ನೀರಿನ ದಂಡೆಗಳೂ ನಿಯಮಕ್ಕೆ ಒಳಪಡುತ್ತವೆ. ಆದ್ದರಿಂದ "ಇದು ಸಮುದ್ರವಲ್ಲ, ಹೊಳೆ" ಎಂಬ ಸಮಾಧಾನ ಸಲ್ಲದು. ಪಕ್ಕದಲ್ಲೇ ಮನೆ ಇದೆಯಲ್ಲ ಎಂದೂ ವಾದಿಸಬೇಡಿ. ಅದು ನಿಯಮಕ್ಕಿಂತ ಹಳೆಯದಿರಬಹುದು, ಅಥವಾ ಸ್ಥಳೀಯ ಮೀನುಗಾರ ಕುಟುಂಬಕ್ಕೆ ಸಿಕ್ಕ ರಿಯಾಯಿತಿ ಇರಬಹುದು. ಸಿಂಧನೂರಿನಿಂದ ಬಂದ ನಿಮಗೆ ಅದು ಸಿಗದು. ಮುಂಗಡ ಕೊಡುವ ಮೊದಲು ಸರ್ವೆ ನಂಬರ್ ಹಿಡಿದು ಅನುಮೋದಿತ ಕರಾವಳಿ ವಲಯ ನಕ್ಷೆಯಲ್ಲಿ ಜಾಗ ಎಲ್ಲಿ ಬೀಳುತ್ತದೆ ಎಂದು ಲಿಖಿತವಾಗಿ ಕೇಳಿ ಪಡೆಯಿರಿ. ಹಾಗೆ ಕೇಳಿದ ಕೂಡಲೇ ಮುನಿಸಿಕೊಳ್ಳುವ ಮಾರಾಟಗಾರನಿಗೆ ನಮಸ್ಕಾರ ಹೇಳಿ ಹೊರಡಿ.

ಪಂಚಾಯಿತಿ ವ್ಯಾಪ್ತಿಯ ನಿವೇಶನಕ್ಕೆ ಭೂಪರಿವರ್ತನೆಯ ಆದೇಶ, ಜಾಗ ವಿಂಗಡಿಸಿ ಅಳೆದ 11ಇ ನಕ್ಷೆ, ವಿನ್ಯಾಸ ಅನುಮೋದನೆ, ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಇರಬೇಕು. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ರಾಜ್ಯದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಕೊಂಡ ಮಾತ್ರಕ್ಕೆ ಅದರಲ್ಲಿ ಬಂಗಲೆ ಕಟ್ಟಬಹುದು ಎಂದಲ್ಲ.

ಹೆಜ್ಜೆ 6: ಇಲ್ಲಿಯ ಮನೆ ಮಾರುವ ಮುನ್ನ

ಬಳ್ಳಾರಿ ಗಾಂಧಿನಗರದ ಮನೆಯನ್ನು ಮಾರಿ ಆ ಹಣದಲ್ಲಿ ಮಣಿಪಾಲದ ಫ್ಲ್ಯಾಟ್ ಎಂದು ಲೆಕ್ಕ ಹಾಕುವವರು ಬಹಳ. ಕನಿಷ್ಠ ಎರಡು ಮಳೆಗಾಲ ಕಳೆಯುವವರೆಗೆ ಬಾಡಿಗೆಗೆ ಕೊಟ್ಟಿಡಿ. ಮಾರಲೇಬೇಕಾದರೆ ತೆರಿಗೆಯ ಲೆಕ್ಕವನ್ನು ಮೊದಲೇ ಮಾಡಿಸಿ: ವಾಸದ ಮನೆ ಮಾರಿದ ದೀರ್ಘಾವಧಿ ಲಾಭವನ್ನು, ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿ ವಿನಿಯೋಗಿಸಿದರೆ ವಿನಾಯಿತಿ ಇದೆ. ಈ ಅವಧಿಯ ಒತ್ತಡದಲ್ಲಿ ಕಂಡದ್ದನ್ನು ಕೊಂಡುಬಿಡುವ ಅಪಾಯವೂ ಇದೆ. ಅದಕ್ಕೇ ಮಾರಾಟ ಕೊನೆಗಿರಲಿ.

ಹೆಜ್ಜೆ 7: ಸಾಗಿಸುವುದು

ಮೊದಲ ಮಳೆಗಾಲಕ್ಕೆ ಬಟ್ಟೆ, ಔಷಧ, ಅಡುಗೆಯ ಸಾಮಾನು ಸಾಕು. ಪೂರ್ತಿ ಲಾರಿ ನವೆಂಬರ್ ನಂತರ ಹೋಗಲಿ. ಕಬ್ಬಿಣದ ಬೀರು, ಪ್ಲೈವುಡ್ ಮಂಚ, ಹತ್ತಿಯ ದಪ್ಪ ಗಾದಿ ಇಲ್ಲೇ ಯಾರಿಗಾದರೂ ಕೊಟ್ಟುಬಿಡಿ, ಅವು ಅಲ್ಲಿ ಬಾಳುವುದಿಲ್ಲ. ರೇಷ್ಮೆ ಸೀರೆ, ಹಳೆಯ ಪತ್ರಗಳು, ಫೋಟೊ ಆಲ್ಬಂ ಗಾಳಿಯಾಡದ ಪೆಟ್ಟಿಗೆಯಲ್ಲಿ ತೇವ ಹೀರುವ ಪೊಟ್ಟಣಗಳ ಜೊತೆ ಇರಲಿ. ಮನೆಯ ಮೂಲ ದಾಖಲೆಗಳನ್ನು ಬ್ಯಾಂಕ್ ಲಾಕರ್‌ನಲ್ಲಿಟ್ಟು ನಕಲನ್ನು ಮಾತ್ರ ಒಯ್ಯಿರಿ. ಆಧಾರ್ ವಿಳಾಸ, ಅಡುಗೆ ಅನಿಲ, ಮತದಾರರ ಪಟ್ಟಿ ಬದಲಾಯಿಸಲು ಅವಸರ ಬೇಡ. ನೆಲೆಸುವುದು ನಿಶ್ಚಯವಾದ ಮೇಲೆ ಮಾಡಿದರಾಯಿತು. ಪಿಂಚಣಿದಾರರು ನವೆಂಬರ್‌ನ ಜೀವಿತ ಪ್ರಮಾಣಪತ್ರವನ್ನು ಮೊಬೈಲ್‌ನಲ್ಲೇ ಸಲ್ಲಿಸಬಹುದಾದ್ದರಿಂದ ಅದಕ್ಕಾಗಿ ಬಳ್ಳಾರಿಗೆ ಬರಬೇಕಾಗಿಲ್ಲ. ಹೃದಯ, ಮಧುಮೇಹದ ಹಳೆಯ ವರದಿಗಳ ಒಂದು ಪ್ರತಿಯನ್ನು, ಹೋದ ಮೊದಲ ವಾರದಲ್ಲೇ, ಅಲ್ಲಿನ ಆಸ್ಪತ್ರೆಯಲ್ಲಿ ಕಾರ್ಡ್ ಮಾಡಿಸಿ ವೈದ್ಯರಿಗೆ ತೋರಿಸಿಬಿಡಿ.